ಟವರ್ ಬ್ಯಾಡ, ರೇಂಜ್ ಬೇಕು

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಮನೆ ಕೊಳ್ಳಲು ಹೊರಟವರು ಹಿಂದೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ನಳಾ ಎಷ್ಟ ದಿನಕ್ಕೊಮ್ಮೆ ಬರ್ತದ್ರಿ?’ ಐದು ದಿನಕ್ಕೊಮ್ಮೆ ಎಂದರೆ ಗಿರಾಕಿಯ ಮುಖ ಅರಳುತ್ತಿತ್ತು, ಹತ್ತು ದಿನ ಎಂದರೆ ದರ ಇಳಿಯುತ್ತಿತ್ತು. ಸವದತ್ತಿಯಿಂದ ಹೊರಟ ಮಲಪ್ರಭೆ ನಮ್ಮ ಓಣಿಯ ನಳದೊಳಗೆ ಇಳಿದ ದಿನವೇ ಹಬ್ಬ. 2008ರಲ್ಲಿ ಇಲ್ಲಿಯ ಕೆಲವೇ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬರತೊಡಗಿದಾಗ, ಆ ವಾರ್ಡಿನ ಹುಡುಗರಿಗೆ ಹೆಣ್ಣು ಕೊಡಲು ಜನ ಪಾಳಿ ಹಚ್ಚಿದ್ದರಂತೆ. ಸುಳ್ಳಿರಬಹುದು, ಆದರೆ ನಂಬಲು ಏನೂ ಅಡ್ಡಿಯಿಲ್ಲ.

ಈಗಿನ ಗಿರಾಕಿಯ ರೀತಿಯೇ ಬೇರೆ. ಓಣಿಗೆ ಕಾಲಿಟ್ಟವನು ನೆಲ ನೋಡುವುದಿಲ್ಲ, ನಳ ನೋಡುವುದಿಲ್ಲ, ಗಟಾರ ನೋಡುವುದಿಲ್ಲ. ಕತ್ತು ಎತ್ತಿ ಆಕಾಶ ನೋಡುತ್ತಾನೆ. ಎಲ್ಲಿ ಮೊಬೈಲ್ ಟವರ್? ಎಷ್ಟು ದೂರ? ಯಾರ ಮಾಳಿಗೆಯ ಮೇಲೆ? ಆಮೇಲೆ ಕಿಸೆಯಿಂದ ಫೋನು ತೆಗೆದು, ಮನೆಯ ಒಳಗೆಲ್ಲ ಅಡ್ಡಾಡಿ, ಅಡುಗೆಮನೆಯಲ್ಲಿ ಎರಡೇ ಕಡ್ಡಿ ರೇಂಜ್ ಬರುತ್ತಿದೆ ಎಂದು ಮುಖ ಸಿಂಡರಿಸುತ್ತಾನೆ. ಟವರ್ ಹತ್ತಿರ ಇದ್ದರೆ ಮನೆ ಬೇಡ, ರೇಂಜ್ ಇಲ್ಲದಿದ್ದರೂ ಮನೆ ಬೇಡ. ಇಂಥವನಿಗೆ ಮನೆ ತೋರಿಸುವ ಏಜೆಂಟನ ಪಾಡು ಆ ಸಿದ್ಧಾರೂಢರಿಗೇ ಪ್ರೀತಿ.

ನಮ್ಮ ಮಾಮಾ, ಅಂದರೆ ಸೋದರಮಾವ, ಇಂಥ ಗಿರಾಕಿಗಳ ಪೈಕಿ ಮುತ್ಸದ್ದಿ. ಸರಕಾರಿ ನೌಕರಿ ಮುಗಿಸಿ ಪಿಂಚಣಿ ತಿನ್ನುತ್ತಿರುವವರು. ಜೀವಮಾನವೆಲ್ಲ ಧಾರವಾಡದ ಬಾಡಿಗೆ ಮನೆಯಲ್ಲಿ ಕಳೆದು ಈಗ ಸ್ವಂತದ್ದು ಬೇಕೆಂದು ಹಟ ಹಿಡಿದರು. ಮಾಮಿಯ ತವರು ಹುಬ್ಬಳ್ಳಿ. ಮಾಮಾನಿಗೆ ಹುಬ್ಬಳ್ಳಿ ಎಂದರೆ ಧೂಳು, ಗದ್ದಲ, ರೊಕ್ಕದ ಮಾತು. ಮಾಮಿಗೆ ಧಾರವಾಡ ಎಂದರೆ ಜಿಟಿಜಿಟಿ ಮಳೆ ಮತ್ತು ಮಧ್ಯಾಹ್ನ ಗೊರಕೆ ಹೊಡೆಯುವ ಗಂಡಸರು. 1962ರಲ್ಲೇ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. ಈ ದಂಪತಿ ಮಾತ್ರ ಅದಕ್ಕೆ ಇನ್ನೂ ಸಹಿ ಹಾಕಿಲ್ಲ. ಕಡೆಗೆ, ಎರಡೂ ಊರಿನ ನಡುವಿನ ನವನಗರದ ಕಡೆ ನೋಡುವುದೆಂದು ರಾಜಿಯಾಯಿತು. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತಿದರೆ ಯಾರೂ ಯಾರ ಊರಿಗೂ ಸೋತಂತಾಗುವುದಿಲ್ಲ.

ಅಲ್ಲಿ ನಾವು ಮೂವರೂ ನೋಡಲು ಹೋದ ಮನೆ ಚೊಲೋ ಇತ್ತು. ಪೂರ್ವಕ್ಕೆ ಬಾಗಿಲು, ಹಿತ್ತಲಲ್ಲಿ ಕರಿಬೇವು, ಮೇಲೊಂದು ಖೋಲಿ. ಮಾಮಿ ಆಗಲೇ ದೇವರಮನೆ ಎಲ್ಲಿ, ಹಿಟ್ಟಿನ ಡಬ್ಬಿ ಎಲ್ಲಿ ಎಂದು ಮನಸ್ಸಿನಲ್ಲಿ ಜೋಡಿಸಿ ಮುಗಿಸಿದ್ದರು. ಮಾಮಾ ಮಾಳಿಗೆ ಹತ್ತಿ ಒಂದು ಸುತ್ತು ಹಾಕಿದವರು ಅಲ್ಲೇ ನಿಂತರು. ಎದುರು ಸಾಲಿನ ಮೂರನೇ ಕಟ್ಟಡದ ತಲೆಯ ಮೇಲೆ ಟವರ್.

‘ಅಲ್ಲೋ ತಮ್ಮಾ, ಆ ಕಬ್ಬಿಣದ ಭೂತ ನೋಡಿದ್ಯೇನು? ದಿನಾ ಮುಂಜಾನೆ ಎದ್ದ ಕೂಡ್ಲೇ ಅದರ ಮಾರಿ ನೋಡಬೇಕೇನು?’

ಏಜೆಂಟ ಪಳಗಿದ ಮನುಷ್ಯ. ‘ಸರ್ರ, ಟವರ್ ಇದ್ರ ನಿಮಗ ಲಾಭ ಐತ್ರಿ. ಬಚ್ಚಲದಾಗ ಕುಂತ್ರೂ ಫುಲ್ ರೇಂಜ್. ಮ್ಯಾಲ ಸಿಡ್ಲು ಬಡದ್ರ ಮೊದಲ ಅದಕ್ಕ ಬಡೀತೈತ್ರಿ, ನಿಮಗಲ್ಲ.’

‘ನನಗ ಬಚ್ಚಲದಾಗ ಕೂತು ಮಾತಾಡೋ ಚಟ ಇಲ್ಲ’ ಎಂದು ಮಾಮಾ ಗದರಿದರು. ಗದರಿ, ಟವರಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಧಾರವಾಡದ ಮನೆಯಲ್ಲಿ ತುಳಸಿಕಟ್ಟೆಯ ಪಕ್ಕ ಸ್ಟೂಲಿನ ಮೇಲೆ ನಿಂತು, ಫೋನು ಹಿಡಿದ ಕೈ ಪೇರಲ ಗಿಡದ ಕಡೆ ಚಾಚಿದರೆ ಮಾತ್ರ ಪುಣೆಯ ಮಗನ ಧ್ವನಿ ಕೇಳುವುದು. ಇಲ್ಲಿ ಫೋಟೋ ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ಅಷ್ಟೇ ಬೇಗ ಉತ್ತರಗಳೂ ಬಂದವು: ನಿದ್ದೆ ಹಾರುತ್ತದೆ, ತಲೆ ಸಿಡಿಯುತ್ತದೆ, ಗುಬ್ಬಿ ಸಾಯುತ್ತವೆ, ಕ್ಯಾನ್ಸರ್ ಖಾತ್ರಿ. ಟವರಿನ ವಿರುದ್ಧದ ಅಷ್ಟೂ ಸಾಕ್ಷಿಯನ್ನು ಮಾಮಾನಿಗೆ ತಂದುಕೊಟ್ಟದ್ದು ಆ ಟವರೇ.

ಮೂವರೂ ಓಣಿಯ ತುದಿಯ ಚಹಾದಂಗಡಿಗೆ ಬಂದೆವು. ಮಾಮಾ ಕೆಂಪಗೆ ಕುದಿಯುವ ಚಹಾ ತರಿಸಿ, ಆರಲು ಬಿಡದೆ, ಬಶಿಯನ್ನೂ ಮುಟ್ಟದೆ ಸೊರ್ರೆಂದು ಹೀರಿದರು. ಆಮೇಲೆ ಅಂಗಿಯ ಒಳಕಿಸೆಯಿಂದ ಸಂಚಿ ತೆಗೆದರು. ಎಲೆಯ ತೊಟ್ಟು ಮುರಿದು, ಬೆನ್ನು ಸವರಿ, ಉಗುರಿನ ತುದಿಯಿಂದ ಸುಣ್ಣ ಹಚ್ಚಿ, ಅಡಿಕೆ ಚೂರು ಹಾಕಿ, ಕಡೆಗೆ ಒಂದು ಚಿಟಿಕೆ ತಂಬಾಕು ಉದುರಿಸಿ ಮಡಚಿ ದವಡೆಗೆ ಒತ್ತಿದರು. ಒತ್ತಿ ಕೇಳಿದರು: ‘ತಮ್ಮಾ, ಆ ಟವರಿನಿಂದ ಕ್ಯಾನ್ಸರ್ ಬರ್ತದಂತಲ್ಲೋ, ಖರೇ ಏನು?’

ಖರೆ ಸಂಗತಿ ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ 31ರಂದು ರೇಡಿಯೋ ತರಂಗಗಳನ್ನು ‘2ಬಿ’ ಎಂಬ ಗುಂಪಿಗೆ ಸೇರಿಸಿತು. ಅಂದರೆ, ಕ್ಯಾನ್ಸರ್ ತರುವ ಸಾಧ್ಯತೆ ಇದ್ದರೂ ಇರಬಹುದು, ಪುರಾವೆ ಅರೆಬರೆ. ಇದೇ ಗುಂಪಿನಲ್ಲಿ ಪೂರ್ವ ಏಷ್ಯಾದವರು ತಿನ್ನುವ ಉಪ್ಪಿನಲ್ಲಿ ಹಾಕಿಟ್ಟ ತರಕಾರಿಯೂ ಇದೆ. ಕಾಫಿ 1991ರಿಂದ 2016ರ ತನಕ ಅಲ್ಲೇ ಕೂತಿದ್ದು, ಆಮೇಲೆ ಬಿಡುಗಡೆ ಪಡೆಯಿತು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ‘2ಎ’ ಗುಂಪಿನಲ್ಲಿ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪೇಯ ಇದೆ. ಎಲ್ಲಕ್ಕಿಂತ ಮೇಲೆ, ಅನುಮಾನವೇ ಇಲ್ಲದ 1ನೇ ಗುಂಪಿನಲ್ಲಿ, ತಂಬಾಕು ಇದೆ, ಅಡಿಕೆ ಇದೆ, ಎರಡೂ ಸೇರಿದ ಎಲೆ-ಅಡಿಕೆ ಇದೆ.

ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಆದರೂ ಲೆಕ್ಕ ಲೆಕ್ಕವೇ. ಟವರಿನ ಮೇಲೆ ಬರೀ ಸಂಶಯ, ಸಂಚಿಯ ಮೇಲೆ ತೀರ್ಪೇ ಆಗಿದೆ. ಇದನ್ನೆಲ್ಲ ಹೇಳಿದೆ. ಮಾಮಾ ಎದ್ದು ಹೋಗಿ ಗಟಾರಕ್ಕೆ ಪಿಚಕ್ ಎಂದು ಉಗುಳಿ ಬಂದು, ‘ಎಲಿ-ಅಡಿಕಿ ನಮ್ಮಪ್ಪನ ಕಾಲದಿಂದ ಅದ, ಟವರ್ ನಿನ್ನೆ ಮೊನ್ನೆ ಬಂದದ್ದು’ ಎಂದರು. ಹಳೆಯ ಶತ್ರು ಸಂಬಂಧಿಕನಾಗಿಬಿಡುತ್ತಾನೆ. ಹೊಸಬನ ಮೇಲೆ ಮಾತ್ರ ಕಣ್ಣು.

ಹಾಗೆ ನೋಡಿದರೆ ರೇಡಿಯೋ ತರಂಗವೂ ಧಾರವಾಡಕ್ಕೆ ಹೊಸ ನೆಂಟನಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅದರ ಮಧ್ಯಮ ತರಂಗದ ಪ್ರೇಷಕ ಬೆಳೆದು 200 ಕಿಲೋವ್ಯಾಟ್ ಆಯಿತು. ಬಿಡಿಸಿ ಹೇಳಿದರೆ ಎರಡು ಲಕ್ಷ ವ್ಯಾಟ್. ಓಣಿಯ ಟವರಿನ ಒಂದೊಂದು ಆಂಟೆನಾ ಸಾಮಾನ್ಯವಾಗಿ ಹತ್ತಾರು ವ್ಯಾಟಿನದು, ತೀರ ಹೊಸದಾದರೆ ನೂರು ಇನ್ನೂರು. ಆ ಎರಡು ಲಕ್ಷ ವ್ಯಾಟಿನ ಹಾಡು, ನಾಟಕ, ಕೃಷಿವಾರ್ತೆ ಕೇಳುತ್ತಲೇ ಮಾಮಾ ದೊಡ್ಡವರಾದದ್ದು. ಹಾಗಂತ ಅವರಿಗೆ ನೆನಪು ಮಾಡಿಕೊಟ್ಟರೆ, ‘ಅದು ಆಕಾಶವಾಣಿ, ಅದರ ಮಾತೇ ಬ್ಯಾರೆ’ ಎಂದರು. ಹೌದು, ಅದರ ತರಂಗದ ಉದ್ದವೇ ಬೇರೆ, ಪ್ರೇಷಕವೂ ಮನೆಯ ಎದುರು ಸಾಲಿನಲ್ಲಿ ಇರಲಿಲ್ಲ. ಮಾಮಾನ ತಕರಾರು ಮಾತ್ರ ಇವೆರಡೂ ಅಲ್ಲ. ಸಂಗೀತ ಬಂದರೆ ತರಂಗ ತಂಪು, ಬಿಲ್ ಬಂದರೆ ಬಿಸಿ.

ಇನ್ನು ಟವರ್ ಹತ್ತಿರ ಇದ್ದಷ್ಟೂ ಅಪಾಯ ಎಂಬ ಲೆಕ್ಕಕ್ಕೆ ಬರೋಣ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಟವರಿಗೆ ಅಳತೆ ತೆಗೆದು ಹೊಲಿದಂತಿದೆ. ಆಂಟೆನಾ ತನ್ನ ಶಕ್ತಿಯನ್ನು ನೆಟ್ಟಗೆ ಕೆಳಕ್ಕೆ ಸುರಿಯುವುದಿಲ್ಲ. ಅಡ್ಡಡ್ಡ ಎಸೆಯುತ್ತದೆ, ಒಂದೆರಡು ಡಿಗ್ರಿ ತಲೆ ತಗ್ಗಿಸಿ ದೂರದ ಗಿರಾಕಿಯ ಕಡೆ. ಹಾಗಾಗಿ ಬುಡದ ಮನೆಗೆ ಬೀಳುವುದು ಕಡಿಮೆ. ಎದುರಿಗೆ, ಆಂಟೆನಾದ ಎತ್ತರಕ್ಕೆ ಸರಿಯಾಗಿ ಕಿಟಕಿ ತೆರೆದ ಮನೆಗೆ ಬೀಳುವುದು ಹೆಚ್ಚು. ದೂರ ಎರಡು ಪಟ್ಟಾದರೆ ಬಿಸುಪು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ದೂರಸಂಪರ್ಕ ಇಲಾಖೆ ರಾಜ್ಯಗಳಿಗೆ ಕೊಟ್ಟ ಸಲಹೆಯಲ್ಲೂ ಇದೇ ತರ್ಕ ಇದೆ. ಆಂಟೆನಾದಷ್ಟೇ ಎತ್ತರದಲ್ಲಿ, ಅದರ ಮುಖದ ನೇರ ಎದುರಿಗೆ ಇರುವ ಕಟ್ಟಡ ಒಂದು ಆಂಟೆನಾ ಇದ್ದರೆ 20 ಮೀಟರ್, ಎರಡಿದ್ದರೆ 35, ನಾಲ್ಕಿದ್ದರೆ 45, ಹನ್ನೆರಡಿದ್ದರೆ 75 ಮೀಟರ್ ದೂರ ಇರಲಿ ಎಂದು. ಅಂದರೆ, ಮಾಳಿಗೆಯ ಮೇಲೆ ನಿಂತು ಟವರಿನ ಬುಡ ಎಷ್ಟು ಹತ್ತಿರ ಎಂದು ಹೆಜ್ಜೆ ಎಣಿಸಿ ಉಪಯೋಗವಿಲ್ಲ. ಅದರ ಬಿಳಿ ಪಟ್ಟಿಯಂಥ ಆಂಟೆನಾಗಳ ಮುಖ ಎತ್ತ ಕಡೆ, ನಿಮ್ಮ ಮಲಗುವ ಖೋಲಿ ಯಾವ ಎತ್ತರದಲ್ಲಿ ಎಂದು ನೋಡಬೇಕು.

2012ರ ಸೆಪ್ಟೆಂಬರ್ 1ರಿಂದ ನಮ್ಮ ಸರಕಾರ ಟವರಿನ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಒಂದು ಚದರ ಮೀಟರಿಗೆ 0.45 ವ್ಯಾಟ್. ಏಪ್ರಿಲ್ ಮಧ್ಯಾಹ್ನ ದುರ್ಗದಬೈಲಿನಲ್ಲಿ ಗಿರಮಿಟ್ಟು ತಿನ್ನುತ್ತ ನಿಂತವನ ತಲೆಯ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಹೆಚ್ಚುಕಡಿಮೆ ಸಾವಿರ ವ್ಯಾಟ್. ನಂಬಿಕೆ ಬಾರದವರು ಅಳೆಸಿಯೇ ನೋಡಲಿ ಎಂದು ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ ‘ತರಂಗ್ ಸಂಚಾರ್’ ಎಂಬ ಜಾಲತಾಣ ತೆರೆಯಿತು. ನಿಮ್ಮ ಸುತ್ತ ಯಾವ ಟವರ್ ಇದೆ, ಅದು ಮಿತಿಯೊಳಗೆ ಇದೆಯೇ ಎಂದು ಅಲ್ಲಿ ನೋಡಬಹುದು. 4,000 ರೂಪಾಯಿ ಶುಲ್ಕ ಕಟ್ಟಿದರೆ ಮಂದಿ ಬಂದು ಅಳೆದು ಹೇಳುವ ಏರ್ಪಾಟನ್ನೂ ಮಾಡಿತು. ಇಷ್ಟು ಕೇಳಿದ್ದೇ ತಡ, ಮಾಮಾನ ಭಯ ಅರ್ಧಕ್ಕರ್ಧ ಇಳಿಯಿತು. ‘ನಾಕ ಸಾವಿರ? ಅಷ್ಟ ಕೊಟ್ಟು ಅಳಸೋವಷ್ಟು ಹೆದರಿಕಿ ನನಗಿಲ್ಲ ಬಿಡು.’ ರೊಕ್ಕ ಎಂಬುದು ಅಂಜಿಕೆಗೆ ಒಳ್ಳೆಯ ಔಷಧ.

ಖರೆ ಹೇಳಬೇಕೆಂದರೆ ನಮ್ಮ ತಲೆಗೆ ತೀರ ಹತ್ತಿರದ ಟವರ್ ನಮ್ಮ ಕೈಯಲ್ಲೇ ಇದೆ. ಹಳೆಯ 2ಜಿ ಫೋನು ಜೋರು ಮಾಡಿದರೆ 2 ವ್ಯಾಟ್ ತನಕ ಏರುತ್ತಿತ್ತು, ಈಗಿನ 4ಜಿ ಫೋನು ಹೆಚ್ಚೆಂದರೆ 0.2 ವ್ಯಾಟ್. ಸಣ್ಣದೇ. ಆದರೆ ಅದು ಇರುವುದು ಕಿವಿಯ ಮೇಲೆ. ರೇಂಜ್ ಚೊಲೋ ಇದ್ದಲ್ಲಿ ಫೋನು ಪಿಸುಗುಡುತ್ತದೆ, ಇಲ್ಲದಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತದೆ. ಅಂದರೆ ಪೇರಲ ಗಿಡದ ಕಡೆ ಕೈ ಚಾಚಿ ‘ಹಲೋ, ಹಲೋ, ಕೇಳಸ್ತದೇನೋ?’ ಎನ್ನುವ ಮಾಮಾನ ಕೈಯಲ್ಲಿ ಫೋನು ಹೆಚ್ಚು ದುಡಿಯುತ್ತದೆ, ಟವರಿನ ಎದುರು ಮನೆಯವನ ಕೈಯಲ್ಲಿ ಕಡಿಮೆ. ಆ ಫೋನಿನ ವಿಷಯದಲ್ಲೂ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಗೆ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಹಾಗಾದರೆ ಕೋರ್ಟು ಏನು ಹೇಳುತ್ತದೆ? ಧಾರವಾಡದಲ್ಲಿ ಹೈಕೋರ್ಟ್ ಪೀಠ ಬಂದ ಮೇಲೆ ಚಹಾದಂಗಡಿಗೊಬ್ಬ ವಕೀಲರು ಸಿಗುತ್ತಾರೆ, ಅಂದು ಕೂಡ ಒಬ್ಬರು ಸಿಕ್ಕರು. ಅವರ ಬಾಯಲ್ಲಿ ಎರಡು ಕಡೆಗೂ ಉದಾಹರಣೆ. 2017ರಲ್ಲಿ ಗ್ವಾಲಿಯರಿನ ಮನೆಗೆಲಸದ ಬಡವನೊಬ್ಬ, ಪಕ್ಕದ ಮನೆಯ ಟವರಿನಿಂದಲೇ ನನಗೆ ಕ್ಯಾನ್ಸರ್ ಬಂತು ಎಂದು ಸುಪ್ರೀಂ ಕೋರ್ಟಿಗೆ ಹೋಗಿದ್ದ. ಕೋರ್ಟು ಆ ಟವರ್ ಬಂದ್ ಮಾಡಿಸಿತು. ಆಮೇಲೆ 2021ರಲ್ಲಿ ಚಿತ್ರನಟಿ ಜೂಹಿ ಚಾವ್ಲಾ 5ಜಿ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋದರು. ಆನ್‌ಲೈನ್ ವಿಚಾರಣೆಯ ನಡುವೆ ಯಾರೋ ಪುಣ್ಯಾತ್ಮ ಅವರದೇ ಸಿನಿಮಾದ ಹಾಡು ಹಾಡಿಬಿಟ್ಟ. ಕೋರ್ಟು ದಾವೆ ವಜಾ ಮಾಡಿ 20 ಲಕ್ಷ ದಂಡ ಹಾಕಿತು, ಮರುವರ್ಷ ಅದು 2 ಲಕ್ಷಕ್ಕೆ ಇಳಿಯಿತು. ವಕೀಲರು ಇದನ್ನು ಹೇಳಿ, ‘ಕೇಸ್ ಹಾಕೋದಿದ್ರ ಹೇಳ್ರಿ’ ಎಂದು ಕಾರ್ಡು ಕೊಟ್ಟು ಹೋದರು. ಚಹಾದ ರೊಕ್ಕ ನಾವೇ ಕೊಟ್ಟೆವು.

ಟವರ್ ವಿರೋಧಿ ಹೋರಾಟ ನಮ್ಮಲ್ಲಿ ನಡೆಯುವ ರೀತಿಯೂ ನೋಡಲು ಚಂದ. ಯಾರದೋ ಮಾಳಿಗೆಯ ಮೇಲೆ ಕಬ್ಬಿಣ ಏರಿದ ಕೂಡಲೇ ಓಣಿ ಎದ್ದು ಕೂಡುತ್ತದೆ. ಪಾಲಿಕೆಗೆ ಮನವಿ, ಕಾರ್ಪೊರೇಟರ್ ಮನೆಗೆ ಮೆರವಣಿಗೆ, ಮೊಬೈಲಿನಲ್ಲೇ ವಿಡಿಯೋ. ಟವರ್ ಹೋಗಿ ಎರಡು ತಿಂಗಳಾದರೆ ಅದೇ ಜನ, ಅದೇ ಮನೆಗೆ: ‘ನಮ್ಮ ಓಣ್ಯಾಗ ರೇಂಜ್ ಬರವಲ್ದ್ರಿ, ಏನರ ಮಾಡ್ರಿ.’ ಟವರ್ ಇರಲಿ, ಮುಂದಿನ ಓಣಿಯಲ್ಲಿರಲಿ. ಮುಂದಿನ ಓಣಿಯವರ ಬೇಡಿಕೆಯೂ ಅದೇ. ಇದರ ನಡುವೆ ಒಬ್ಬನೇ ಒಬ್ಬ ತಣ್ಣಗೆ ಇರುತ್ತಾನೆ: ಮಾಳಿಗೆ ಬಾಡಿಗೆಗೆ ಕೊಟ್ಟವನು. ಟವರಿನ ಕೆಳಗೇ ಮಲಗುತ್ತಾನೆ, ಗಡದ್ದಾಗಿ ನಿದ್ದೆ ಹೊಡೆಯುತ್ತಾನೆ. ತಿಂಗಳ ಬಾಡಿಗೆ ಯಾರ ಖಾತೆಗೆ ಬೀಳುತ್ತದೋ ಅವನಿಗೆ ತಲೆನೋವು ಬಂದದ್ದು ನಾನಂತೂ ಕೇಳಿಲ್ಲ. ಬಾಡಿಗೆ ಸಿಗದ ಪಕ್ಕದ ಮನೆಯವನಿಗೆ ಮಾತ್ರ ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ.

ಈ ಆಸೆಯನ್ನೇ ಹಿಡಿದು ಗಾಳ ಹಾಕುವವರೂ ಇದ್ದಾರೆ. ‘ನಿಮ್ಮ ಮಾಳಿಗೆ ಟವರಿಗೆ ಆಯ್ಕೆಯಾಗಿದೆ, ಲಕ್ಷಗಟ್ಟಲೆ ಮುಂಗಡ, ಮೊದಲು ಅರ್ಜಿ ಶುಲ್ಕ ಕಟ್ಟಿ’ ಎಂದು ಸಂದೇಶ ಬರುತ್ತದೆ, ಸರಕಾರದ ಮುದ್ರೆ ಹೊತ್ತ ಪತ್ರವೂ ಬರುತ್ತದೆ. ಟವರ್ ಕೂಡಿಸಲು ತಾವು ಯಾರಿಂದಲೂ ಶುಲ್ಕ ಪಡೆಯುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ ಎಂದು ದೂರಸಂಪರ್ಕ ಇಲಾಖೆಯೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ ಮತ್ತೆ ಮತ್ತೆ ಸಾರಿವೆ. ಟವರಿನಿಂದ ನಿದ್ದೆಗೆಟ್ಟವರಲ್ಲಿ ಹೀಗೆ ಬಾರದ ಟವರಿಗೆ ರೊಕ್ಕ ಕಟ್ಟಿದವರನ್ನೂ ಎಣಿಸಬೇಕು.

ಹಾಗಂತ ಟವರಿನ ಬಗಲಲ್ಲಿ ಮನೆ ಕೊಳ್ಳುವಾಗ ನೋಡಬೇಕಾದದ್ದು ಏನೂ ಇಲ್ಲವೆಂದಲ್ಲ. ಇದೆ, ಆದರೆ ಅದು ಮೇಲಿಲ್ಲ, ಕೆಳಗಿದೆ. ಕರೆಂಟು ಹೋದಾಗ ಟವರಿನ ಬುಡದಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತದೆಯೇ ಕೇಳಿ. ಡೀಸೆಲ್ ಹೊಗೆಯನ್ನು ಅದೇ ಕ್ಯಾನ್ಸರ್ ಸಂಸ್ಥೆ 2012ರಲ್ಲೇ 1ನೇ ಗುಂಪಿಗೆ, ಅಂದರೆ ಮಾಮಾನ ಸಂಚಿಯ ಮಗ್ಗುಲಿಗೆ, ಹಾಕಿಯಾಗಿದೆ. ಟವರ್ ನಿಂತ ಮಾಳಿಗೆ ಎಷ್ಟು ಹಳೆಯದು, ಅಷ್ಟು ಭಾರ ಮತ್ತು ಅಷ್ಟು ಗಾಳಿಯ ಹೊಡೆತ ತಾಳುತ್ತದೆಂದು ಎಂಜಿನಿಯರ್ ಬರೆದುಕೊಟ್ಟ ಕಾಗದ ಇದೆಯೇ ಕೇಳಿ. ಕಾಣದ ತರಂಗಕ್ಕೆ ಹೆದರುವವನು ಕಾಣುವ ಕಂಬ ನಿಮ್ಮ ಹಿತ್ತಲಿಗೆ ಬಿದ್ದೀತೇ ಎಂದು ಮೊದಲು ನೋಡಬೇಕಲ್ಲವೇ?

ನೀವು ಕೊಳ್ಳುವ ಮನೆಯನ್ನೂ ಅದೇ ಕಣ್ಣಿನಿಂದ ನೋಡಿ. ಹುಬ್ಬಳ್ಳಿಯ ಪೂರ್ವಕ್ಕೆ ಹೋದಂತೆ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೀಳುಬಿಡುವ ಮಣ್ಣು. ಅಡಿಪಾಯ ಕಚ್ಚಾ ಇದ್ದರೆ ಗೋಡೆ ಎರಡೇ ವರ್ಷದಲ್ಲಿ ನಕ್ಕುಬಿಡುತ್ತದೆ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಇನ್ನೂ ಕಟ್ಟುತ್ತಿದ್ದ ಕಟ್ಟಡ ಹಗಲಲ್ಲೇ ಕುಸಿದು 19 ಜನ ಸತ್ತರು. ಅವರನ್ನು ಕೊಂದದ್ದು ತರಂಗವಲ್ಲ, ಕಾಂಕ್ರೀಟು. ಅದರ ಬಗ್ಗೆ ಹರಟೆ ಹೊಡೆಯುವ ಮನಸ್ಸಾಗುವುದಿಲ್ಲ. ಆದರೆ ಪಿಲ್ಲರ್ ಗಟ್ಟಿ ಇದೆಯೇ ಎಂದು ಗುದ್ದಿ ನೋಡದೆ ಟವರಿನ ಫೋಟೋ ತೆಗೆಯುವವರನ್ನು ಕಂಡಾಗೆಲ್ಲ ನೆನಪಾಗುತ್ತದೆ.

ಕಡೆಗೆ ಮಾಮಾ ಆ ಮನೆ ಹಿಡಿದರು. ಹೇಗೆ ಹಿಡಿದರು ಎಂಬುದೇ ಸ್ವಾರಸ್ಯ. ಮಾಲೀಕರ ಎದುರು ಕೂತು, ಎರಡೂ ಕೈಯಿಂದ ತಲೆ ಹಿಡಿದು, ‘ನಿಮ್ಮ ಮನಿಗೆ ಬಂದಾಗಿಂದ ಯಾಕೋ ಇಲ್ಲೆ ಒಂಥರಾ ಜುಮ್ ಅಂತದ್ರಿ’ ಎಂದರು. ಅವರಿಗಿಂತ ಮುಂಚೆ ನೋಡಿ ಹೋದ ಗಿರಾಕಿಗಳೂ ಟವರ್ ಕಂಡು ಓಡಿದ್ದರು. ಮಾಲೀಕರು ಬೇಸತ್ತಿದ್ದರು, ದರ ಜುಮ್ಮನೆ ಇಳಿಯಿತು. ಅಲ್ಲೇ ಸಂಚಕಾರ ಕೊಟ್ಟು ಹೊರಗೆ ಬಂದವರ ತಲೆ ನೆಟ್ಟಗಾಗಿತ್ತು. ಏಜೆಂಟ ಕೈ ಮುಗಿದು, ‘ಸರ್ರ, ನೀವು ನಮ್ಮ ಧಂದೆಕ್ಕ ಬಂದಿದ್ರ ನಾವೆಲ್ಲಾ ಉಪಾಸ ಬೀಳ್ತಿದ್ವಿ’ ಎಂದ. ಮಾಮಿ ಒಂದೇ ಮಾತು ಕೇಳಿದರು: ‘ಏನ್ರೀ, ಇಲ್ಲೆ ನಳಾ ಎಷ್ಟ ದಿನಕ್ಕೊಮ್ಮೆ ಬರ್ತದಂತ ಕೇಳಿದ್ರ್ಯೋ ಇಲ್ಲೋ?’ ಕೇಳಿರಲಿಲ್ಲ.

ಆದ್ದರಿಂದ, ಮನೆ ನೋಡಲು ಹೊರಟ ಬಂಧುಗಳೇ, ಅನುಕ್ರಮ ತಪ್ಪಬೇಡಿ. ಮೊದಲು ಉತಾರ ಮತ್ತು ಋಣಭಾರ ಪತ್ರ, ಎರಡನೆಯದು ಅಡಿಪಾಯ, ಮೂರನೆಯದು ನೀರು, ನಾಲ್ಕನೆಯದು ಗಟಾರ. ಐದನೆಯದಾಗಿ ತಲೆ ಎತ್ತಿ ಟವರ್ ನೋಡಿ. ಅದರ ಮುಖ ನಿಮ್ಮ ಮಲಗುವ ಖೋಲಿಯ ನೇರಕ್ಕಿದ್ದರೆ, ಅಳೆಸಿ ನೋಡಿ ಅಥವಾ ಬೇರೆ ಮನೆ ನೋಡಿ. ಇಲ್ಲವಾದರೆ ಮಾಲೀಕರ ಮುಂದೆ ಮಾತ್ರ ಅದಕ್ಕೆ ಹೆದರಿ, ಮನೆಗೆ ಬಂದ ಮೇಲೆ ಹೆದರಬೇಡಿ. ಅಷ್ಟು ಮಾಡಿಯೂ ಆರೋಗ್ಯದ ಚಿಂತೆ ಕಾಡಿದರೆ, ಟವರ್ ಕೆಡವಲು ಅರ್ಜಿ ಬರೆಯುವ ಮೊದಲು ಕಿಸೆಯಲ್ಲಿರುವ ಸಂಚಿಯನ್ನು ತೆಗೆದು ಗಟಾರಕ್ಕೆ ಒಗೆಯಿರಿ. ಅದಕ್ಕೆ ಪಾಲಿಕೆಯ ಪರವಾನಗಿ ಬೇಕಾಗಿಲ್ಲ.